ಆರ್ಟಿಮೆದರ್–ಲ್ಯೂಮೆಫ್ಯಾಂಟ್ರಿನ್ ಮಾತ್ರೆ: ಮೂರು ದಿನದ ಮಲೇರಿಯಾ ಚಿಕಿತ್ಸೆಯ ವಿಮರ್ಶೆ

ರಕ್ತಪರೀಕ್ಷೆಯಲ್ಲಿ ಫಾಲ್ಸಿಪಾರಂ ಎಂಬ ಪರಾವಲಂಬಿಯಿಂದ ಬಂದ ಮಲೇರಿಯಾ ಎಂದು ಖಚಿತವಾದ ಮೇಲೆ ವೈದ್ಯರು ಬರೆದುಕೊಡುವ ಔಷಧಿಗಳಲ್ಲಿ ಈ ಹಳದಿ ಮಾತ್ರೆ ಪ್ರಮುಖವಾದದ್ದು. ಒಂದು ಮಾತ್ರೆಯಲ್ಲಿ ಆರ್ಟಿಮೆದರ್ 20 ಮಿಲಿಗ್ರಾಂ ಮತ್ತು ಲ್ಯೂಮೆಫ್ಯಾಂಟ್ರಿನ್ 120 ಮಿಲಿಗ್ರಾಂ ಇರುತ್ತದೆ. ನೊವಾರ್ಟಿಸ್ ಕಂಪನಿಯ ಕೋಆರ್ಟೆಮ್ ಇದರ ಮೂಲ ಬ್ರಾಂಡ್. ನಮ್ಮ ದೇಶದ ಹಲವು ಕಂಪನಿಗಳು ಇದೇ ಜೋಡಿಯನ್ನು ಬೇರೆ ಬೇರೆ ಹೆಸರುಗಳಲ್ಲಿ ತಯಾರಿಸುತ್ತವೆ. ವಯಸ್ಕರಿಗಾಗಿ ನಾಲ್ಕು ಮಾತ್ರೆಗಳ ಔಷಧವನ್ನು ಒಂದರಲ್ಲೇ ಅಡಕಗೊಳಿಸಿದ 80/480 ಬಲದ ಮಾತ್ರೆಯೂ ಸಿಗುತ್ತದೆ. ಇಲ್ಲಿ ನಾನು ಯಾವುದೇ ಒಂದು ಬ್ರಾಂಡನ್ನು ತೂಗುತ್ತಿಲ್ಲ, ಈ ಜೋಡಿಯನ್ನೇ ತೂಗುತ್ತಿದ್ದೇನೆ. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ರಕ್ತಲೇಪನಗಳನ್ನು, ಅಂದರೆ ಗಾಜಿನ ಮೇಲೆ ಸವರಿದ ರಕ್ತವನ್ನು, ಓದುವುದು ನನ್ನ ಕೆಲಸ. ಹಾಗಾಗಿ ಈ ಮಾತ್ರೆ ನುಂಗಿದವರ ರಕ್ತದಲ್ಲಿ ಏನಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿದೆ, ಮನೆಯವರ ಪ್ರಶ್ನೆಗಳಿಗೆ ಉತ್ತರಿಸುವ ಜವಾಬ್ದಾರಿಯೂ ಬಿದ್ದಿದೆ.

ಮೊದಲಿಗೆ, ಇದು ಯಾರಿಗಾಗಿ ಇರುವ ಔಷಧಿ ಎಂಬುದು ಸ್ಪಷ್ಟವಾಗಬೇಕು. ಮಂಗಳೂರಿನಲ್ಲಿ ಕಾಣುವ ಮಲೇರಿಯಾದಲ್ಲಿ ಹೆಚ್ಚಿನ ಪಾಲು ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಪರಾವಲಂಬಿಯದು. ಅದಕ್ಕೆ ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್ ಎಂಬ ಹಳೆಯ ಕ್ರಮವೇ ನಮ್ಮಲ್ಲಿ ಇಂದಿಗೂ ನಡೆದುಬಂದಿದೆ. ಫಾಲ್ಸಿಪಾರಂ ವಿಷಯ ಬೇರೆ. 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಜಿಲ್ಲೆಯಲ್ಲಿ ಕ್ಲೋರೋಕ್ವಿನ್‌ಗೆ ಜಗ್ಗದ ಫಾಲ್ಸಿಪಾರಂ ಮೊದಲ ಬಾರಿಗೆ ದೇಶದಲ್ಲಿ ಪತ್ತೆಯಾಯಿತು. ಅಲ್ಲಿಂದ ಆ ನಿರೋಧಕ ಶಕ್ತಿ ಹರಡುತ್ತ ಹೋಗಿ, 2010ರ ಹೊತ್ತಿಗೆ ದೇಶದ ಎಲ್ಲ ಫಾಲ್ಸಿಪಾರಂ ರೋಗಿಗಳಿಗೂ ಆರ್ಟೆಮಿಸಿನಿನ್ (ಆರ್ಟಿಮೆದರ್ ಈ ಗುಂಪಿನದೇ) ಆಧಾರಿತ ಜೋಡಿ ಔಷಧಿಯನ್ನೇ ಕೊಡಬೇಕೆಂಬ ನಿಯಮ ಬಂತು. ಸರ್ಕಾರಿ ವ್ಯವಸ್ಥೆ ಆಗ ಆರಿಸಿಕೊಂಡದ್ದು ಅದೇ ಗುಂಪಿನ ಆರ್ಟಿಸುನೇಟ್ ಜೊತೆಗೆ ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಇರುವ, ವಯಸ್ಸಿಗೊಂದು ಬಣ್ಣದ ಮಾತ್ರೆಪಟ್ಟಿಯನ್ನು. ಈಶಾನ್ಯ ರಾಜ್ಯಗಳಲ್ಲಿ ಆ ಜೋಡಿಯ ಎರಡನೆಯ ಅರ್ಧ ಸೋಲುತ್ತಿರುವುದು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದದ್ದರಿಂದ, 2013ರಲ್ಲಿ ಅಲ್ಲಿಗೆ ಆರ್ಟಿಮೆದರ್–ಲ್ಯೂಮೆಫ್ಯಾಂಟ್ರಿನ್ ಬಂತು. ನಮ್ಮ ಕಡೆ ನನ್ನ ಕಣ್ಣಿಗೆ ಬೀಳುವ ಪಟ್ಟಿಗಳು ಹೆಚ್ಚಾಗಿ ಖಾಸಗಿ ವೈದ್ಯರ ಚೀಟಿಯಿಂದ ಬಂದವು.

ಇದರ ಮೊದಲ ಅರ್ಧ ಗಿಡದಿಂದ ಬಂದದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನಿಕರನ್ನು ಕಾಡುತ್ತಿದ್ದ, ಕ್ಲೋರೋಕ್ವಿನ್‌ಗೆ ಬಗ್ಗದ ಮಲೇರಿಯಾಕ್ಕೆ ಮದ್ದು ಹುಡುಕಲು ಚೀನಾ 1967ರ ಮೇ 23ರಂದು ‘523’ ಎಂಬ ಗುಪ್ತ ಯೋಜನೆಯನ್ನು ಆರಂಭಿಸಿತು. ಅದರಲ್ಲಿದ್ದ ವಿಜ್ಞಾನಿ ತು ಯೂಯೂ ಅವರ ತಂಡ ಆರ್ಟೆಮಿಸಿಯಾ ಆನುವಾ ಗಿಡದ ಸಾರವನ್ನು ಪರೀಕ್ಷಿಸಿದಾಗ ಫಲಿತಾಂಶ ಒಮ್ಮೆ ಚೆನ್ನಾಗಿ, ಮತ್ತೊಮ್ಮೆ ಕಳಪೆಯಾಗಿ ಬರುತ್ತಿತ್ತು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಗ್ರಂಥದಲ್ಲಿ ಈ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಬರೆದಿತ್ತು, ಕುದಿಸಬೇಕೆಂದು ಬರೆದಿರಲಿಲ್ಲ. ಕುದಿಯುವ ಶಾಖವೇ ಸತ್ವವನ್ನು ಕೆಡಿಸುತ್ತಿರಬಹುದೆಂದು ಊಹಿಸಿದ ತು ಯೂಯೂ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳಲ್ಲೂ ಮಂಗಗಳಲ್ಲೂ ಪರಾವಲಂಬಿಯನ್ನು ಪೂರ್ತಿಯಾಗಿ ಅಳಿಸಿತು. ಮರುವರ್ಷ ಅದರಿಂದ ಆರ್ಟೆಮಿಸಿನಿನ್ ಹರಳುಗಳು ದೊರೆತವು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಆರ್ಟಿಮೆದರ್ ಎಂಬುದು ಆ ಹರಳನ್ನೇ ರಾಸಾಯನಿಕವಾಗಿ ಸ್ವಲ್ಪ ಮಾರ್ಪಡಿಸಿ, ಎಣ್ಣೆಯಂಶದಲ್ಲಿ ಚೆನ್ನಾಗಿ ಕರಗುವಂತೆ ಮಾಡಿದ ರೂಪ. ಅಣುವಿನೊಳಗಿನ ಎರಡು ಆಮ್ಲಜನಕ ಪರಮಾಣುಗಳ ಸೇತುವೆಯೇ ಇದರ ಆಯುಧ. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಜೀರ್ಣಿಸಿಕೊಳ್ಳುವಾಗ ಹೊರಬರುವ ಕಬ್ಬಿಣಯುಕ್ತ ಹೀಮ್ ಈ ಸೇತುವೆಯನ್ನು ಮುರಿಯುತ್ತದೆ. ಮುರಿದಾಗ ಹುಟ್ಟುವ ಉಗ್ರ ಕಣಗಳು ಪರಾವಲಂಬಿಯ ಪ್ರೋಟೀನುಗಳನ್ನೇ ಸುಡುತ್ತವೆ.

ವೇಗದ ವಿಷಯದಲ್ಲಿ ಈ ಮಾತ್ರೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಚಿಕಿತ್ಸೆಗೆ ಮುನ್ನ ತೆಗೆದ ದಪ್ಪ ಲೇಪನವನ್ನು ಜೀಮ್ಸಾ ಬಣ್ಣದಲ್ಲಿ ಅದ್ದಿ, ಎಣ್ಣೆಯ ಲೆನ್ಸಿನಡಿ ಇಟ್ಟರೆ, ಒಂದು ತೆಳು ನೀಲಿ ಉಂಗುರ, ಅದರ ಅಂಚಿನಲ್ಲಿ ಕೆಂಪು ಚುಕ್ಕೆ, ಹೀಗೆ ನೋಡಿದಲ್ಲೆಲ್ಲ ಫಾಲ್ಸಿಪಾರಂನ ಎಳೆಯ ರೂಪಗಳು ಕಾಣುತ್ತವೆ. 200 ಬಿಳಿ ರಕ್ತಕಣಗಳನ್ನು ಎಣಿಸುವಷ್ಟರಲ್ಲಿ ಎಷ್ಟು ಉಂಗುರಗಳು ಸಿಕ್ಕವು ಎಂಬುದರಿಂದ ನಾವು ಸಾಂದ್ರತೆಯನ್ನು ಲೆಕ್ಕ ಹಾಕುತ್ತೇವೆ. ಮರುದಿನದ ಲೇಪನದಲ್ಲಿ ಅವೇ ಉಂಗುರಗಳು ಕುಗ್ಗಿ, ಕಪ್ಪಾದ ಚುಕ್ಕೆಗಳಂತಾಗಿ, ಸಂಖ್ಯೆಯೂ ತೀರ ಇಳಿದಿರುತ್ತದೆ. ಎಳೆಯ ಉಂಗುರಗಳನ್ನೇ ಕೊಲ್ಲುವುದು ಆರ್ಟೆಮಿಸಿನಿನ್ ಗುಂಪಿನ ದೊಡ್ಡ ಗುಣ. ಬಲಿತ ಪರಾವಲಂಬಿ ಮೆದುಳಿನ, ಮೂತ್ರಪಿಂಡದ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುವ ಮೊದಲೇ ಅದರ ಕಥೆ ಮುಗಿಯುತ್ತದೆ. ಹಳೆಯ ಮಲೇರಿಯಾ ಮದ್ದಾದ ಕ್ವಿನೈನ್‌ನ ಪೆಟ್ಟು ಬೀಳುವುದು ಮುಖ್ಯವಾಗಿ ಬಲಿತ ರೂಪಗಳ ಮೇಲೆ. ತೀವ್ರ ಮಲೇರಿಯಾದಲ್ಲಿ ಆರ್ಟಿಸುನೇಟ್ ಚುಚ್ಚುಮದ್ದು ಕ್ವಿನೈನ್‌ಗಿಂತ ಹೆಚ್ಚು ಜೀವ ಉಳಿಸುತ್ತದೆ ಎಂಬುದು ಇದೇ ಕಾರಣಕ್ಕೆ. ಭಾರತವೂ ಸೇರಿ ನಾಲ್ಕು ಏಷ್ಯನ್ ದೇಶಗಳಲ್ಲಿ 1461 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ವಿನೈನ್ ಗುಂಪಿನ ಸಾವು ನೂರಕ್ಕೆ 22, ಆರ್ಟಿಸುನೇಟ್ ಗುಂಪಿನದು 15.

ಆದರೆ ಈ ಮಾತ್ರೆಯ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅದರ ಎರಡನೆಯ ಅರ್ಧದ ಬಗ್ಗೆ. ಗಿಡದಿಂದ ಬಂದ ಆರ್ಟಿಮೆದರ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಅದು ಪರಾವಲಂಬಿಯ ಒಂದೊಂದು 48 ಗಂಟೆಯ ಸುತ್ತಿನಲ್ಲಿ ಸಂಖ್ಯೆಯನ್ನು ಸುಮಾರು ಹತ್ತು ಸಾವಿರ ಪಟ್ಟು ಇಳಿಸುತ್ತದೆ. ಮೂರು ದಿನದ ಚಿಕಿತ್ಸೆ ಅಂಥ ಎರಡು ಸುತ್ತುಗಳನ್ನು ತಲುಪುತ್ತದೆ. ದೇಹದಲ್ಲಿ ಲಕ್ಷ ಕೋಟಿ ಪರಾವಲಂಬಿಗಳನ್ನು ಹೊತ್ತು ಬಂದ ರೋಗಿಯಲ್ಲಿ ಇಷ್ಟಾದ ಮೇಲೂ ಹತ್ತು ಸಾವಿರದಷ್ಟು ಉಳಿದಿರಬಹುದು. ಆ ಉಳಿದವನ್ನು ಮುಗಿಸುವುದು ಲ್ಯೂಮೆಫ್ಯಾಂಟ್ರಿನ್. ಯಾವ ಗಿಡದ ಹೆಸರೂ ಇಲ್ಲದ, ಪ್ರಯೋಗಾಲಯದಲ್ಲೇ ಹುಟ್ಟಿದ ಈ ಔಷಧಿ ರಕ್ತದಲ್ಲಿ ದಿನಗಟ್ಟಲೆ ಉಳಿದು ಕೆಲಸ ಮಾಡುತ್ತದೆ. ಜ್ವರ ಇಳಿಸುವುದು ಮೊದಲನೆಯದು, ರೋಗ ಗುಣಪಡಿಸುವುದು ಎರಡನೆಯದು ಎಂದರೆ ತಪ್ಪಾಗದು. ಹೀಗಿರುವಾಗ ಎರಡನೆಯ ದಿನ ಬೆವರು ಬಿಟ್ಟು ಜ್ವರ ಇಳಿದ ಕೂಡಲೇ ‘ಈಗ ಆರಾಮಾಯಿತು’ ಎಂದು ಪಟ್ಟಿಯನ್ನು ಕಪಾಟಿಗೆ ಸೇರಿಸುವವರು, ತಮ್ಮ ಚಿಕಿತ್ಸೆಯ ಮುಖ್ಯ ಭಾಗವನ್ನೇ ಬಿಟ್ಟುಬಿಡುತ್ತಾರೆ. ಉಳಿದುಕೊಂಡ ಪರಾವಲಂಬಿಗಳಿಗೆ ಅರ್ಧಂಬರ್ಧ ಔಷಧದ ನಡುವೆ ಬದುಕುವ ಅಭ್ಯಾಸವನ್ನೂ ಮಾಡಿಸುತ್ತಾರೆ.

ಲ್ಯೂಮೆಫ್ಯಾಂಟ್ರಿನ್‌ನ ದೊಡ್ಡ ದೋಷವೆಂದರೆ ಅದು ಬರಿ ನೀರಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಆರೋಗ್ಯವಂತರ ಮೇಲೆ ನಡೆದ ಪರೀಕ್ಷೆಯಲ್ಲಿ, ಜಿಡ್ಡು ಹೆಚ್ಚಿರುವ ಊಟದೊಡನೆ ಕೊಟ್ಟಾಗ ಅದರ ಹೀರಿಕೆ ಬರಿಹೊಟ್ಟೆಗಿಂತ 16 ಪಟ್ಟು ಹೆಚ್ಚಿತ್ತು. ನಮ್ಮ ಕರಾವಳಿಯಲ್ಲಿ ಜ್ವರ ಬಂದವರಿಗೆ ಕೊಡುವುದೇನು? ಕುಚ್ಚಲಕ್ಕಿ ಗಂಜಿ, ಅದರ ಪಕ್ಕದಲ್ಲಿ ಒಂದು ತುಂಡು ಉಪ್ಪಿನಕಾಯಿ. ಪಥ್ಯವೆಂದು ತುಪ್ಪ, ತೆಂಗಿನಕಾಯಿ, ಹಾಲು ಎಲ್ಲವನ್ನೂ ದೂರವಿಡುತ್ತಾರೆ. ಜಿಡ್ಡೇ ಇಲ್ಲದ ಆ ಗಂಜಿಯ ಮೇಲೆ ನುಂಗಿದ ಮಾತ್ರೆಯ ದೊಡ್ಡ ಪಾಲು ಹೊಟ್ಟೆಯಿಂದ ರಕ್ತಕ್ಕೆ ಬರದೆಯೇ ಹೊರಗೆ ಹೋಗುತ್ತದೆ. ಸಮಾಧಾನದ ಸಂಗತಿಯೆಂದರೆ ಬೇಕಾಗುವ ಜಿಡ್ಡು ಬಹಳ ಕಡಿಮೆ: ಸೋಯಾ ಹಾಲಿನಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ 1.2 ಗ್ರಾಂ ಕೊಬ್ಬು ಇದ್ದರೂ ಹೀರಿಕೆ ಗರಿಷ್ಠದ ಹತ್ತಿರಕ್ಕೆ ಬರುತ್ತದೆ. ಒಂದು ಲೋಟ ಮಾಮೂಲಿ ಹಾಲಿನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಗಂಜಿಗೆ ಒಂದು ಚಮಚ ತುಪ್ಪ ಬೆರೆಸಿದರೂ ಸಾಕು, ಒಂದು ಮೊಟ್ಟೆ ತಿಂದರೂ ಸಾಕು. ಈ ಒಂದು ಮಾತನ್ನು ಔಷಧಿ ಅಂಗಡಿಯ ಕಟ್ಟೆಯಲ್ಲಿ ಯಾರಾದರೂ ಹೇಳಿಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಹಾಗೆ ಹೇಳಿದವರನ್ನು ನಾನು ಕಂಡದ್ದು ಅಪರೂಪ.

ಸೇವಿಸುವ ಕ್ರಮವೂ ಸುಲಭದ್ದಲ್ಲ. 35 ಕಿಲೋ ಮೀರಿದವರಿಗೆ ಒಂದು ಸಲಕ್ಕೆ ನಾಲ್ಕರಂತೆ ಆರು ಸಲ, ಒಟ್ಟು 24 ಮಾತ್ರೆ. ಮೊದಲನೆಯದಾದ ಎಂಟು ಗಂಟೆಗೆ ಎರಡನೆಯದು, ಆಮೇಲೆ 24, 36, 48 ಮತ್ತು 60ನೆಯ ಗಂಟೆಗೆ ಉಳಿದವು. ಸಂಜೆ ಆರಕ್ಕೆ ಶುರು ಮಾಡಿದವರಿಗೆ ಎರಡನೆಯ ಡೋಸ್ ರಾತ್ರಿ ಎರಡಕ್ಕೆ ಬೀಳುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು, ಹಾಲು ಬಿಸಿ ಮಾಡಿಕೊಂಡು ಮಾತ್ರೆ ನುಂಗುವವರು ಎಷ್ಟು ಜನ? ನುಂಗಿ ಒಂದು ಗಂಟೆಯೊಳಗೆ ವಾಂತಿಯಾದರೆ ಆ ಡೋಸನ್ನು ಮತ್ತೆ ಕೊಡಬೇಕು, ಅಂದರೆ ಪಟ್ಟಿಯಲ್ಲಿ ಮಾತ್ರೆ ಕಡಿಮೆ ಬೀಳುತ್ತದೆ. ನನಗೆ ಪರಿಚಿತರೊಬ್ಬರ ಮನೆಯಲ್ಲಿ ಹೀಗೆಯೇ ಆಗಿ, ಅಂಗಡಿಯವರು ಬಿಡಿಯಾಗಿ ಕೊಡಲು ಒಪ್ಪದೆ ಇನ್ನೊಂದು ಪೂರ್ತಿ ಪಟ್ಟಿಯನ್ನೇ ಕೊಳ್ಳಬೇಕಾಯಿತು. ಪಟ್ಟಿಯ ಮೇಲಿನ ಬರಹ ನಾನು ಕಂಡವುಗಳಲ್ಲೆಲ್ಲ ಇಂಗ್ಲಿಷಿನಲ್ಲಿದೆ, ಅಕ್ಷರಗಳು ಎಳ್ಳುಕಾಳಿನಷ್ಟು. ಮಂಗಳೂರಿನ ಕಟ್ಟಡ ಕೆಲಸದ ತಾಣಗಳಲ್ಲಿ, ನಿಂತ ನೀರಿನ ಪಕ್ಕದಲ್ಲೇ ಮಲಗುವ ಕಾರ್ಮಿಕರು ಈ ರೋಗಕ್ಕೆ ಮೊದಲು ತುತ್ತಾಗುವವರು. ಉತ್ತರ ಕರ್ನಾಟಕದಿಂದಲೂ ಬೇರೆ ರಾಜ್ಯಗಳಿಂದಲೂ ಬಂದ ಅವರಿಗೆ ಸೂರ್ಯ, ಚಂದ್ರ, ಹಾಲಿನ ಲೋಟದ ಚಿತ್ರಗಳಿರುವ ಪಟ್ಟಿಯಾದರೂ ಬೇಕು. ಇದು ತಯಾರಕರೆಲ್ಲರೂ ಸರಿಪಡಿಸಬೇಕಾದ, ಸರಿಪಡಿಸಬಹುದಾದ ಕೊರತೆ.

ಮಕ್ಕಳ ರೂಪ ಮಾತ್ರ ಮೆಚ್ಚುವಂಥದ್ದು. 2009ರಲ್ಲಿ ನೊವಾರ್ಟಿಸ್ ಮತ್ತು ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಸೇರಿ ಹೊರತಂದ, ಚೆರ್ರಿ ರುಚಿಯ ಕರಗುವ ಮಾತ್ರೆಯನ್ನು ಒಂದೆರಡು ಚಮಚ ನೀರಿನಲ್ಲಿ ಹಾಕಿದರೆ ಹಳದಿ ದ್ರವವಾಗುತ್ತದೆ. ಕಹಿ ಮಾತ್ರೆಯನ್ನು ಜಜ್ಜಿ ಸಕ್ಕರೆ ಬೆರೆಸಿ ಮಗುವಿನ ಬಾಯಿಗೆ ತುರುಕುವ ಯಾತನೆ ತಪ್ಪುತ್ತದೆ. ಐದು ಕಿಲೋಗಿಂತ ಕಡಿಮೆ ತೂಕದ ಹಸುಗೂಸುಗಳಿಗಾಗಿಯೇ ತಯಾರಿಸಿದ ರೂಪಕ್ಕೆ 2025ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಪ್ಪಿಗೆ ಸಿಕ್ಕಿದೆ.

‘ಗಿಡದಿಂದಲೇ ಬಂದದ್ದಾದರೆ ಗಿಡದ ಕಷಾಯವನ್ನೇ ಕುಡಿದರೆ ಆಗದೇ?’ ಎಂಬುದು ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಬೆಳೆದವರ ನಡುವೆ ಇದು ಸಹಜವಾದ ಪ್ರಶ್ನೆ. ನಾನೂ ಅದನ್ನು ಕುಡಿದೇ ಬೆಳೆದದ್ದು, ಆ ಆಚರಣೆಯ ಮೇಲೆ ನನಗೆ ಗೌರವವಿದೆ. ಆದರೆ ರೋಗ ಬಂದ ಮೇಲೆ ಗಿಡವನ್ನು ನಂಬಬೇಕಾದದ್ದು ಅದು ಪರೀಕ್ಷೆಯಲ್ಲಿ ಗೆದ್ದಾಗ ಮಾತ್ರ. ಅದೇ ಪಾಲೆಯ, ಅಂದರೆ ಸಪ್ತಪರ್ಣದ ತೊಗಟೆ ಸೇರಿರುವ ಆಯುಷ್–64 ಎಂಬ ಆಯುರ್ವೇದ ಔಷಧಿಯನ್ನು ವೈವ್ಯಾಕ್ಸ್ ರೋಗಿಗಳಲ್ಲಿ ಕ್ಲೋರೋಕ್ವಿನ್ ಜೊತೆ ಹೋಲಿಸಿದ ಅಧ್ಯಯನ 2000ದಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಲೋರೋಕ್ವಿನ್ ಪಡೆದವರೆಲ್ಲ ಗುಣವಾದರೆ, ಆಯುಷ್–64 ಗುಂಪಿನಲ್ಲಿ ಗುಣವಾದವರು ಸುಮಾರು ಅರ್ಧದಷ್ಟು. ಆರ್ಟೆಮಿಸಿಯಾ ಚಹಾದ ಫಲವೂ ಇದಕ್ಕಿಂತ ಬಹಳ ಬೇರೆಯಲ್ಲ. ಒಂಬತ್ತು ಗ್ರಾಂ ಒಣ ಎಲೆಯಿಂದ ಮಾಡಿದ ಒಂದು ಲೀಟರ್ ಚಹಾದಲ್ಲಿ 94.5 ಮಿಲಿಗ್ರಾಂ ಆರ್ಟೆಮಿಸಿನಿನ್ ಸಿಕ್ಕಿತ್ತು. ಅದು ದಿನಕ್ಕೆ ಬೇಕಾದ ಪ್ರಮಾಣದ ಐದನೆಯ ಒಂದು ಭಾಗಕ್ಕೂ ಕಡಿಮೆ. ಕಾಂಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಏಳನೆಯ ದಿನಕ್ಕೆ ಚಹಾ ಕುಡಿದವರಲ್ಲಿ ನೂರಕ್ಕೆ 74 ಮಂದಿ, ಕ್ವಿನೈನ್ ಪಡೆದವರಲ್ಲಿ 91 ಮಂದಿ ಗುಣವಾಗಿದ್ದರು. ಚಹಾ ಕುಡಿದವರಲ್ಲಿ ಬಹಳ ಮಂದಿಗೆ ಆಮೇಲೆ ರೋಗ ಮರುಕಳಿಸಿತು. ಇಂಥ ಚಹಾ ಮತ್ತು ಎಲೆಪುಡಿಯ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸದಿರಲು ಕಾರಣ ಇದೇ: ಪ್ರಮಾಣ ನಿಶ್ಚಿತವಿಲ್ಲ, ಜೊತೆಗಾರ ಔಷಧಿ ಇಲ್ಲ, ಉಳಿದ ಪರಾವಲಂಬಿಗೆ ನಿರೋಧ ಕಲಿಸುವ ಅಪಾಯವಿದೆ.

ಹಾಗೆಂದು ಗಿಡಗಳ ಹುಡುಕಾಟ ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಅದು ನಡೆಯುತ್ತಲೇ ಇರಬೇಕು. ಕ್ರಮವೂ ಗೊತ್ತಿರುವುದೇ. ಗಿಡದ ಸಾರವನ್ನು ಮೊದಲು ಪ್ರಯೋಗಾಲಯದಲ್ಲಿ ಬೆಳೆಸಿದ ಎರಡು ಬಗೆಯ ಫಾಲ್ಸಿಪಾರಂ ಮೇಲೆ ಹಾಕುತ್ತಾರೆ: ಔಷಧಿಗೆ ಬಗ್ಗುವ 3ಡಿ7ನಂಥ ತಳಿ ಒಂದು, ಕ್ಲೋರೋಕ್ವಿನ್‌ಗೆ ಬಗ್ಗದ ಡಬ್ಲ್ಯು2 ಅಥವಾ ಡಿಡಿ2 ಇನ್ನೊಂದು. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾರ ಬೇಕೆಂದು ಅಳೆದು, ಅಷ್ಟೇ ಸಾರ ಸಸ್ತನಿಗಳ ಜೀವಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ದಾಟಿದ್ದು ಇಲಿಗಳಿಗೆ ಹೋಗುತ್ತದೆ. ಅಲ್ಲಿಂದ ಮನುಷ್ಯರ ತನಕದ ದಾರಿ ಎಷ್ಟು ಕಠಿಣ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಮೇಲೆ ಕೆಲಸ ಮಾಡಿ, ಕ್ಲೋರೋಕ್ವಿನ್ ನಿರೋಧಕ ಫಾಲ್ಸಿಪಾರಂನ ಬೆಳವಣಿಗೆಯನ್ನು ಅದು ತಡೆಯುತ್ತದೆಂದು 2005ರಲ್ಲಿ ತೋರಿಸಿತು. ಮರುವರ್ಷ ಆರ್ಟೆಮಿಸಿನಿನ್ ಗುಂಪಿನ ಆರ್ಟಿಈಥರ್‌ನ ಒಂದೇ ಚುಚ್ಚುಮದ್ದಿನ ಜೊತೆ ಬಾಯಿಯ ಮೂಲಕ ಮೂರು ಸಲ ಕರ್ಕ್ಯುಮಿನ್ ಕೊಟ್ಟ ಇಲಿಗಳೆಲ್ಲವೂ ಮಲೇರಿಯಾದಿಂದ ಬದುಕುಳಿದವು. ಇಷ್ಟು ಒಳ್ಳೆಯ ಫಲಿತಾಂಶವಿದ್ದೂ ಆ ಜೋಡಿ ಇಂದು ಮಾತ್ರೆಯಾಗಿ ಅಂಗಡಿಗೆ ಬಂದಿಲ್ಲ. ಕರ್ಕ್ಯುಮಿನ್ ಮನುಷ್ಯರ ಕರುಳಿನಿಂದ ರಕ್ತಕ್ಕೆ ಬರುವುದೇ ಅತ್ಯಲ್ಪ ಎಂಬುದು ಅದರ ದೊಡ್ಡ ತೊಡಕು. ಮಾಲಿ ದೇಶದಲ್ಲಿ ಈ ಕ್ರಮವನ್ನೇ ತಿರುಗಿಸಿ, ಮೊದಲು ಹಳ್ಳಿಗಳ ರೋಗಿಗಳನ್ನು ಗಮನಿಸಿ, ಅಲ್ಲಿ ಫಲ ಕೊಟ್ಟ ಗಿಡವನ್ನು ಆರಿಸಿದರು. ಅದು ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ಮುಳ್ಳಿನ ಅರಿಶಿನ ಉಮ್ಮತ್ತಿ. 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅದರ ಕಷಾಯ ಪಡೆದವರ ಪೈಕಿ ನೂರಕ್ಕೆ 89 ಮಂದಿಗೆ, ಆರ್ಟೆಮಿಸಿನಿನ್ ಜೋಡಿ ಪಡೆದವರ ಪೈಕಿ 95 ಮಂದಿಗೆ ಎರಡನೆಯ ಔಷಧಿಯ ಅಗತ್ಯ ಬೀಳಲಿಲ್ಲ. ಪರಾವಲಂಬಿಯನ್ನು ರಕ್ತದಿಂದ ಪೂರ್ತಿ ಅಳಿಸುವುದು ಆ ಅಧ್ಯಯನದ ಗುರಿಯಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅದೇ ಗಿಡದ ಬೀಜದೆಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನರ ಜೀವ ತೆಗೆದಿತ್ತು. ಮನೆಯಲ್ಲಿ ಯಾರೂ ಇದನ್ನು ಕುದಿಸಿ ಕುಡಿಯಬಾರದು.

ಈ ಮಾತ್ರೆಯ ಭವಿಷ್ಯದ ಬಗ್ಗೆ ನನಗೆ ಆತಂಕವಿದೆ. 2008–09ರಲ್ಲಿ ಪಶ್ಚಿಮ ಕಾಂಬೋಡಿಯಾದಿಂದ, ಆರ್ಟೆಮಿಸಿನಿನ್ ಕೊಟ್ಟರೂ ಪರಾವಲಂಬಿ ರಕ್ತದಿಂದ ನಿಧಾನವಾಗಿ ತೆರವಾಗುವ ವರದಿಗಳು ಬಂದವು. 2014ರಲ್ಲಿ ಅದಕ್ಕೆ ಕಾರಣವಾದ ಕೆಲ್ಚ್13 ಎಂಬ ಜೀನಿನ ಬದಲಾವಣೆಗಳು ಪತ್ತೆಯಾದವು. ಈಗ ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲಿ ಅಂಥವೇ ಬದಲಾವಣೆಗಳು ತಾವಾಗಿ ತಲೆಯೆತ್ತಿವೆ. ನಮ್ಮಲ್ಲಿಯೂ ಪಶ್ಚಿಮ ಬಂಗಾಳದಿಂದ 2018ರಲ್ಲಿ ಒಂದು ವರದಿ ಬಂದಿತ್ತು. ಮೊದಲ ಅರ್ಧ ನಿಧಾನವಾದರೆ ಹೊರೆಯೆಲ್ಲ ಲ್ಯೂಮೆಫ್ಯಾಂಟ್ರಿನ್ ಮೇಲೆ ಬೀಳುತ್ತದೆ. ಅದೂ ಸೋತರೆ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದಕ್ಕಾಗಿಯೇ ಔಷಧಿ ಬಳಕೆಗೆ ಬಂದ ಮೇಲೂ ಪರೀಕ್ಷೆ ನಿಲ್ಲುವಂತಿಲ್ಲ. ಆಯ್ದ ಕೇಂದ್ರಗಳಲ್ಲಿ ರೋಗಿಗಳಿಗೆ ಕಣ್ಣೆದುರೇ ಮಾತ್ರೆ ನುಂಗಿಸಿ, 28 ದಿನ ರಕ್ತ ನೋಡಿ, ರೋಗ ಮರಳಿದರೆ ಅದು ಹಳೆಯದೇ ಉಳಿದದ್ದೋ ಹೊಸ ಸೊಳ್ಳೆ ಕಡಿತದ್ದೋ ಎಂದು ಜೀನು ಹೋಲಿಸಿ ನಿರ್ಧರಿಸುತ್ತಾರೆ. ಸೋಲು ನೂರಕ್ಕೆ ಹತ್ತು ಮುಟ್ಟಿದರೆ ಔಷಧಿ ಬದಲಾಗಬೇಕು. ಮೂರನೆಯ ಔಷಧಿಯನ್ನೂ ಸೇರಿಸಿದ ತ್ರಿವಳಿ ಮಾತ್ರೆಗಳು, ಲ್ಯೂಮೆಫ್ಯಾಂಟ್ರಿನ್ ಜೊತೆಗೆ ಗಾನಾಪ್ಲಾಸೈಡ್ ಎಂಬ ಹೊಸ ಸಂಶ್ಲೇಷಿತ ಔಷಧಿ ಇರುವ ಜೋಡಿ, ಇವೆಲ್ಲ ಪರೀಕ್ಷೆಯ ಕಣದಲ್ಲಿವೆ.

ಅಡ್ಡಪರಿಣಾಮಗಳು ನನ್ನ ಅನುಭವದಲ್ಲಿ ಸಹಿಸಬಹುದಾದಂಥವು: ತಲೆನೋವು, ತಲೆಸುತ್ತು, ಹಸಿವಿಲ್ಲದಿರುವುದು, ಆಯಾಸ. ಇವುಗಳಲ್ಲಿ ಯಾವುದು ರೋಗದ್ದು, ಯಾವುದು ಮಾತ್ರೆಯದು ಎಂದು ಬೇರ್ಪಡಿಸುವುದೇ ಕಷ್ಟ. ಹೃದಯದ ಲಯದ ತೊಂದರೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಿಗೆ ಈ ಮಾತ್ರೆ ಸಲ್ಲದು, ಏಕೆಂದರೆ ರಿಫಾಂಪಿಸಿನ್ ಈ ಎರಡೂ ಔಷಧಿಗಳನ್ನು ಬೇಗನೆ ಕರಗಿಸಿಬಿಡುತ್ತದೆ. ಪ್ರಜ್ಞೆ ತಪ್ಪುತ್ತಿರುವ, ನಿಲ್ಲದ ವಾಂತಿಯಿರುವ ರೋಗಿಗೆ ಮಾತ್ರೆಯ ಮಾತೇ ಬೇಡ, ಚುಚ್ಚುಮದ್ದು ಕೊಡುವ ಆಸ್ಪತ್ರೆಗೆ ಸಾಗಿಸಬೇಕು. ಇನ್ನು, ಸೊಳ್ಳೆಗೆ ದಾಟುವ, ಪರಾವಲಂಬಿಯ ಬಾಳೆಹಣ್ಣಿನಾಕಾರದ ರೂಪಗಳನ್ನು ಈ ಮಾತ್ರೆ ಪೂರ್ತಿ ಅಳಿಸುವುದಿಲ್ಲ. ಅದಕ್ಕೆಂದು ಒಂದೇ ಡೋಸ್ ಪ್ರೈಮಾಕ್ವಿನ್ ಬರೆದಿರುತ್ತಾರೆ, ಅದನ್ನೂ ಬಿಡಬಾರದು.

ಒಟ್ಟಿನಲ್ಲಿ ಹಾಲಿನ ಲೋಟದೊಡನೆ, ಹೇಳಿದ ಹೊತ್ತಿಗೆ, ಪಟ್ಟಿ ಮುಗಿಯುವವರೆಗೆ ನುಂಗುವವರಿಗೆ ಇದನ್ನು ನಾನು ಧೈರ್ಯವಾಗಿ ಒಪ್ಪುತ್ತೇನೆ. ಚೀಟಿಯಿಲ್ಲದೆ, ರಕ್ತಪರೀಕ್ಷೆಯಿಲ್ಲದೆ ‘ಜ್ವರಕ್ಕೆ ಇರಲಿ’ ಎಂದು ಕೊಳ್ಳುವವರಿಗೆ ಒಪ್ಪುವುದಿಲ್ಲ. ಚಿಕಿತ್ಸೆ ಮುಗಿಸಿ 28 ದಿನದೊಳಗೆ ಮತ್ತೆ ಜ್ವರ ಬಂದರೆ ಹದಿನೈದು ನಿಮಿಷದ ಕಾರ್ಡ್ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ: ಅದು ಹುಡುಕುವ ಎಚ್‌ಆರ್‌ಪಿ2 ಎಂಬ ಪ್ರೋಟೀನು ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿದು, ಗುಣವಾದವರಲ್ಲೂ ಗೆರೆ ಮೂಡಿಸುತ್ತದೆ. ರಕ್ತಲೇಪನವನ್ನೇ ಕೇಳಿ ಮಾಡಿಸಿ, ಹಿಂದೆ ಯಾವ ಮಾತ್ರೆ, ಯಾವ ದಿನಾಂಕದಿಂದ ತೆಗೆದುಕೊಂಡಿರಿ ಎಂಬುದನ್ನು ಪ್ರಯೋಗಾಲಯದವರಿಗೂ ವೈದ್ಯರಿಗೂ ತಿಳಿಸಿ.